ಬಾದನಹಟ್ಟಿ ರಸ್ತೆಯಲ್ಲಿ ನಮ್ಮ ಪಾಸ್‌ವರ್ಡ್

ನಮ್ಮ ಬಳಗಕ್ಕೆಲ್ಲ ಒಂದೇ ಮನೆದೇವರು, ಒಂದೇ ಪಾಸ್‌ವರ್ಡ್. ಮೊದಲನೆಯದು ಯಾವ ಕಾಲದಿಂದ ಇದೆಯೋ ಯಾರಿಗೂ ಗೊತ್ತಿಲ್ಲ. ಎರಡನೆಯದನ್ನು ಸ್ಥಾಪಿಸಿದವರು ಸಿರುಗುಪ್ಪದಲ್ಲಿರುವ ನನ್ನ ಸೋದರಮಾವ, ಅವ್ವನ ಅಣ್ಣ. ನಾನು ಹೈಸ್ಕೂಲಿನಲ್ಲಿದ್ದಾಗ ಅವರು ಅಲ್ಲಿಯ ಒಂದು ಕಂಪ್ಯೂಟರ್ ಸೆಂಟರಿಗೆ ಹೋಗಿ ಬಳಗದ ಪರವಾಗಿ ಒಂದು ಇ-ಮೇಲ್ ಖಾತೆ ತೆರೆಸಿದರು. ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದಾಗ ಮನೆದೇವರ ಹೆಸರು ಹೇಳಿದರಂತೆ. ಅಂಕಿಯೂ ಬೇಕು ಎಂದಾಗ ಹೊರಗೆ ನಿಂತಿದ್ದ ತಮ್ಮ ಟ್ರ್ಯಾಕ್ಟರಿನ ನಂಬರು ಹೇಳಿದರಂತೆ.

"ದೇವ್ರು ಮುಂದ, ಗಾಡಿ ಹಿಂದ. ಮರಿಯಾಕ ಆಗಂಗ ಇಲ್ಲ," ಎಂಬುದು ಅವರ ವಾದ.

ಅಲ್ಲಿಂದ ಮುಂದೆ ಯಾರಿಗೆ ಯಾವ ಖಾತೆ ಬೇಕಾದರೂ ಅದೇ ಪಾಸ್‌ವರ್ಡ್. ಅಪ್ಪನ ಬ್ಯಾಂಕು, ಅವ್ವನ ಗ್ಯಾಸು, ಕರೆಂಟು, ನನ್ನ ಎಂ.ಎಸ್ಸಿ. ಪ್ರವೇಶ, ದೊಡ್ಡಮ್ಮನ ಮಗಳ ನರ್ಸಿಂಗ್ ಪರೀಕ್ಷೆ, ಎಲ್ಲಕ್ಕೂ ಅದೇ. ಬಳಗಕ್ಕೆ ಹೊಸ ಸೊಸೆ ಬಂದರೆ ಉಡಿ ತುಂಬಿ, ಮನೆದೇವರ ದರ್ಶನ ಮಾಡಿಸಿಕೊಂಡು ಬಂದ ಮೇಲೆ ಯಾರಾದರೂ ಒಬ್ಬರು ಅವಳಿಗೆ ಪಾಸ್‌ವರ್ಡ್ ಹೇಳಿಕೊಡುತ್ತಿದ್ದರು. ಅಲ್ಲಿಗೆ ಅವಳು ಪೂರ್ತಿ ನಮ್ಮವಳಾದಂತೆ.

ಕೆಲವು ವರ್ಷಗಳ ನಂತರ ಮಾಮ ಹೊಸ ಟ್ರ್ಯಾಕ್ಟರ್ ಕೊಂಡು ಹಳೆಯದನ್ನು ಡೀಲರಿಗೆ ಬಿಟ್ಟರು. ಅದು ಯಾರ ಕೈಗೆ ಹೋಯಿತೆಂದು ತಿಳಿಯಲಿಲ್ಲ. ಕುರುಗೋಡಿನ ಕಡೆ ಹೋಗಿಬಂದ ನೆಂಟರು ಮಾತ್ರ ಆಗಾಗ ಸುದ್ದಿ ತರುತ್ತಿದ್ದರು. "ಬಾದನಹಟ್ಟಿ ರೋಡಿನ್ಯಾಗ ನಿನ್ನ ಗಾಡಿ ಕಂಡ್ತಪ. ಮೆಣಸಿನಕಾಯಿ ಹೇರ್ಕೊಂಡು ಹೊಂಟಿತ್ತು." ಮಾಮ ಆ ದಿನವೆಲ್ಲ ಮಾತು ಕಡಿಮೆ ಮಾಡುತ್ತಿದ್ದರು, ಮಗಳ ಗಂಡನ ಮನೆಯ ಸುದ್ದಿ ಕೇಳಿದವರ ಹಾಗೆ. ನನಗೆ ಕಾಡುತ್ತಿದ್ದುದು ಬೇರೆ. ನಮ್ಮ ಪಾಸ್‌ವರ್ಡಿನ ಅರ್ಧ ಭಾಗ ತಗಡಿನ ಮೇಲೆ ದಪ್ಪಗೆ ಬರೆಸಿಕೊಂಡು ಕುರುಗೋಡು ತಾಲ್ಲೂಕನ್ನೆಲ್ಲ ಸುತ್ತುತ್ತಿತ್ತು. ಉಳಿದ ಅರ್ಧವನ್ನು ನಾವು ತಲೆಬಾಗಿಲ ಮೇಲೆ "ಪ್ರಸನ್ನ" ಎಂದು ಸೇರಿಸಿ ಕೆತ್ತಿಸಿದ್ದೆವು.

ಆ ದೇವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಳಗದಲ್ಲಿ ಕೆಲವರು ಇನ್ನೂ ಹಳೆಯ ಪಾಸ್‌ವರ್ಡ್ ಬಿಟ್ಟಿಲ್ಲ.

ನಾನು ಬಳ್ಳಾರಿಯ ಒಂದು ಪಿ.ಯು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅಪ್ಪ ನಿವೃತ್ತ ಹೈಸ್ಕೂಲು ಮೇಷ್ಟ್ರು. ಪಾರ್ವತಿನಗರದ ಮನೆಯಲ್ಲಿ ಅಪ್ಪ, ಅವ್ವ, ನಾನು, ಮೂವರೇ. ಕಳೆದ ಬೇಸಿಗೆಯಲ್ಲಿ, ಬಳ್ಳಾರಿಯ ಬಿಸಿಲಿಗೆ ನಲ್ಲಿಯ ನೀರೂ ಕುದಿಯುತ್ತಿದ್ದಾಗ, ಅಪ್ಪನ ಹೆಸರಿನಿಂದ ಬಳಗದವರಿಗೆಲ್ಲ ಇಂಗ್ಲಿಷಿನಲ್ಲಿ ಒಂದು ಸಂದೇಶ ಹೋಯಿತು: ತಂಪು ಕನ್ನಡಕ, ಅರ್ಧ ಬೆಲೆ, ಇವತ್ತೊಂದೇ ದಿನ. ಅಪ್ಪನ ಖಾತೆಯೊಳಗೆ ಯಾರೋ ಹೊಕ್ಕಿದ್ದರು. ಎಚ್ಚರಿಸಲು ಯಾರೂ ಫೋನ್ ಮಾಡಲಿಲ್ಲ. ಕನ್ನಡಕ ಕೇಳಲು ಮಾಡಿದರು.

"ಮೇಷ್ಟ್ರ, ಎರಡು ತಗದಿಡ್ರಿ," ಎಂದರು ಮಾಮ. "ಕಣ್ಣಿಗೆ ತಂಪು ಐತೇನು ಖರೇನ?"

"ನಾನು ಕನ್ನಡಕ ಮಾರಂಗಿಲ್ರಿ."

"ರಿಟೈರ್ ಆದಮ್ಯಾಗ ಏನಾರ ಒಂದು ಮಾಡಬೇಕಲ್ರಿ. ನಾಚಿಕಿ ಯಾಕ?"

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ ಅಪ್ಪ ಅಂದು ಅರ್ಧ ಊಟಕ್ಕೇ ಎದ್ದು, ಕೈ ತೊಳೆದು ಬಂದು, "ಇದಕ್ಕೇನಾರ ಒಂದು ವ್ಯವಸ್ಥಾ ಮಾಡವ್ವ," ಎಂದರು. ಅವರು ನನಗೆ ಕೆಲಸ ಹೇಳುವುದು ಅಪರೂಪ. ನಾನು ಪಾಸ್‌ವರ್ಡ್ ಮ್ಯಾನೇಜರ್ ಹುಡುಕಲು ಕುಳಿತೆ.

ಗೊತ್ತಿಲ್ಲದವರಿಗೆ ಒಂದು ಮಾತು: ಇದು ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಒಂದು ಕಪಾಟು. ಪ್ರತಿಯೊಂದು ಖಾತೆಗೂ ಬೇರೆ ಬೇರೆ ಪಾಸ್‌ವರ್ಡನ್ನು ಅದೇ ಹುಟ್ಟಿಸಿ, ಅದೇ ನೆನಪಿಟ್ಟುಕೊಳ್ಳುತ್ತದೆ. ನಾವು ನೆನಪಿಡಬೇಕಾದದ್ದು ಕಪಾಟಿನ ಬಾಗಿಲು ತೆರೆಯುವ ಒಂದನ್ನು ಮಾತ್ರ. ಅದಕ್ಕೆ ಮಾಸ್ಟರ್ ಪಾಸ್‌ವರ್ಡ್ ಎನ್ನುತ್ತಾರೆ. ಅದನ್ನು ಯಾರಿಗೂ ಹೇಳಬಾರದು.

ಸಿಕ್ಕಿದ್ದನ್ನೆಲ್ಲ ಓದಿದೆ. ಕೆಲವು ಕಂಪನಿಗಳಿಗೆ ಕನ್ನ ಬಿದ್ದಿತ್ತು. ಕೆಲವು ಮೊದಲು ಪುಕ್ಕಟೆ ಎಂದು ಕರೆದು, ಒಳಗೆ ಬಂದ ಮೇಲೆ ದುಡ್ಡು ಕೇಳುತ್ತಿದ್ದವು. ಕೊನೆಗೆ ಒಂದನ್ನು ಆರಿಸಿದೆ. ಅದನ್ನು ಕಟ್ಟಿದ ಪ್ರೋಗ್ರಾಮಿನ ಕೋಡ್ ಯಾರು ಬೇಕಾದರೂ ಓದಿ ಪರೀಕ್ಷಿಸುವಂತೆ ತೆರೆದಿತ್ತು. ಹೊರಗಿನವರಿಂದ ತಪಾಸಣೆ ಮಾಡಿಸಿದ ವರದಿಗಳಿದ್ದವು. ಬೇಡವಾದ ದಿನ ನಮ್ಮ ಸಾಮಾನು ಎತ್ತಿಕೊಂಡು ಹೊರಡಬಹುದಿತ್ತು. ಅವ್ವನ ಹಳೆಯ ಫೋನಿನಲ್ಲೂ ನಡೆಯುತ್ತಿತ್ತು. ನಾವು ಒಳಗಿಟ್ಟದ್ದು ಆ ಕಂಪನಿಯವರ ಕಣ್ಣಿಗೂ ಬೀಳದಂತೆ ಅದನ್ನು ಕಟ್ಟಿದ್ದರು. ಅಪ್ಪ ನನ್ನ ಕಾರಣಗಳನ್ನೆಲ್ಲ ಕೇಳಿ ತಲೆದೂಗಿದರು. ಅವ್ವ ಮಾತ್ರ ಕೇಳಿದಳು:

"ಅವ್ರಿಗೂ ಕಾಣಂಗಿಲ್ಲ ಅಂದ್ರ, ಮರೆತ್ರ ಯಾರ್ನ ಕೇಳಬೇಕು?"

"ಯಾರನ್ನೂ ಕೇಳಾಕ ಬರಂಗಿಲ್ಲ. ಮರೀಬಾರ್ದು."

"ದೇವರಾದ್ರೂ ಒಂದು ದಾರಿ ಇಟ್ಟಿರ್ತಾನ," ಎಂದಳು. ನನಗೂ ಒಳಗೊಳಗೆ ಅದೇ ಅಳುಕಿತ್ತು.

ಬಳಗದ ಒಂದೇ ಒಂದು ವಿಷಯವೂ ಮಾಮನನ್ನು ಬಿಟ್ಟು ನಡೆಯುವುದಿಲ್ಲ. ಆ ಭಾನುವಾರ ಅವರು ಸಿರುಗುಪ್ಪದಿಂದ ಒಂದು ಚೀಲ ಸೋನಾಮಸೂರಿಯೊಂದಿಗೆ ಬಂದರು. ಬಳಗಕ್ಕೆ ವರ ಬಂದಾಗ ವಿಚಾರಣೆ ಮಾಡುವವರು ಅವರೇ. ಅಂಗಳದ ಕುರ್ಚಿಯ ಮೇಲೆ ಕುಳಿತು ಅದೇ ಧಾಟಿಯಲ್ಲಿ ಶುರುಮಾಡಿದರು.

"ಯಾವ ಊರಿಂದು ಇದು?"

"ಪರದೇಶದ್ದು."

"ಮೂಲ ಗೊತ್ತಿಲ್ಲ ಅನ್ನು. ಎಷ್ಟು ವರ್ಷ ಆಗೇತಿ ಶುರುವಾಗಿ?"

ಹೇಳಿದೆ.

"ನಮ್ಮ ಪೈಕಿ ಯಾರಾರ ಇಟ್ಕೊಂಡಾರೇನು? ಚಲೋ ಐತಿ ಅಂತ ಹೇಳೋರು ಒಬ್ಬರಾರ ಬೇಕಲ್ಲ."

"ನನ್ನ ಜೋಡಿ ಓದಿದಾಕಿ ಒಬ್ಬಾಕಿ ಇಟ್ಕೊಂಡಾಳ."

"ಏನ್ ಕೊಡಬೇಕು?"

"ಸಾದಾ ಬಳಕೆಗೆ ಏನೂ ಕೊಡೋದು ಬ್ಯಾಡ."

ಮಾಮ ಅಪ್ಪನ ಕಡೆ ತಿರುಗಿದರು. "ಏನೂ ಬ್ಯಾಡ ಅಂತಾರ ಅಂದ್ರ ಏನೋ ಕೊರತಿ ಐತ್ರಿ ಮೇಷ್ಟ್ರ. ನಮ್ಮ ದೊಡ್ಡಾಕಿ ಮಗಳಿಗೆ ಮೋಕಾ ಊರಿನ ವರ ಹಂಗ ಅಂದಿದ್ದ. ಮುಂದ ನೋಡಿದ್ರ ಕಿವಿ ಕೇಳಿಸ್ತಿದ್ದಿಲ್ಲ."

ಅಪ್ಪ ನನ್ನನ್ನು ನೋಡಿದರು. ಇದರ ಕಿವಿಯ ಬಗ್ಗೆ ನನಗೂ ಖಾತರಿ ಇರಲಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಸಂಬಂಧ ಕುದುರಿತು. ಎಲ್ಲರೂ ಒಂದು ಮಾತಿಗೆ ಒಪ್ಪಿದರು: ಅವರವರ ಮಾಸ್ಟರ್ ಪಾಸ್‌ವರ್ಡ್ ಅವರವರದು, ಗಂಡ ಹೆಂಡತಿಗೂ ಹೇಳುವಂತಿಲ್ಲ, ತಾಯಿ ಮಗಳಿಗೂ ಹೇಳುವಂತಿಲ್ಲ. ಮಾಮ ತಮ್ಮ ಮಟ್ಟಿಗೆ ಹಳೆಯದೇ ಸಾಕೆಂದರು. ಆದರೂ ಎಲ್ಲರಿಗಿಂತ ಜೋರಾಗಿ "ಹೌದೌದು" ಎಂದವರು ಅವರೇ.

ಅಪ್ಪ ಊಟದ ಹೊತ್ತಿಗೆ ತಮ್ಮದನ್ನು ಹೇಳಿಬಿಟ್ಟರು. ಒಳ್ಳೆಯದೊಂದು ಹೊಳೆದಿತ್ತು, ಹೇಳದೆ ಇರಲಾಗಲಿಲ್ಲ. ಬದಲಿಸಿಕೊಳ್ಳಲು ಹೇಳಿದೆ. ಬದಲಿಸಿ, ಸಂಜೆ ಅದನ್ನೂ ಹೇಳಿದರು. ಅವ್ವನಿಗೆ ನಾನು ವಿವರಿಸಿದ್ದೆ: ಒಂದಕ್ಕೊಂದು ಹತ್ತಿಕೊಂಡ ನಾಲ್ಕೈದು ಪದಗಳಿರಲಿ, ನಿನಗೆ ಮರೆಯದಂಥವು, ಬೇರೆಯವರಿಗೆ ಹೊಳೆಯದಂಥವು. ಅವಳು ಚಟ್ನಿಪುಡಿಯನ್ನು ಆರಿಸಿಕೊಂಡಳು. ಆದರೆ ಅವಳಿಗೆ ಬಾಯಲ್ಲಿ ಹೇಳದೆ ಬೆರಳು ಓಡುವುದಿಲ್ಲ. ಬಚ್ಚಲ ಹತ್ತಿರದ ಕಟ್ಟೆಯ ಮೇಲೆ ಕುಳಿತು, ಒಂದೊಂದೇ ಅಕ್ಷರ ಹುಡುಕುತ್ತ, "ಗುರೆಳ್ಳು... ಬೆಳ್ಳುಳ್ಳಿ... ಒಣಮೆಣಸಿನಕಾಯಿ... ಉಪ್ಪು..." ಎಂದು ಸಾವಕಾಶ ಹೇಳಿಕೊಂಡಳು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯವರ ದನಿ ಬಂತು. "ಕರಿಬೇವು ಬಿಟ್ರಿ ನೋಡ್ರಿ."

"ಹೌದಲ್ರಿ," ಎಂದು ಅವ್ವ ಅದನ್ನೂ ಸೇರಿಸಿದಳು.

ಮರುದಿನ ಕಾಲೇಜಿನಿಂದ ಬಂದ ಮೇಲೆ ಮನೆಯ ಲ್ಯಾಪ್‌ಟಾಪಿನಲ್ಲಿ ಹಿಂದಿನಿಂದ ಉಳಿದಿದ್ದ ಪಾಸ್‌ವರ್ಡುಗಳನ್ನು ಹೊಸ ಕಪಾಟಿಗೆ ಸಾಗಿಸಿದೆ. ಅದು ಎಲ್ಲವನ್ನೂ ತೂಗಿ ನೋಡಿ, ದುರ್ಬಲವಾದವನ್ನೂ ಒಂದೇ ಪಾಸ್‌ವರ್ಡ್ ಹಂಚಿಕೊಂಡವನ್ನೂ ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಪರದೆಯ ತುಂಬ ಕೆಂಪೇ ಕೆಂಪು. ಕೆಳಗಿಳಿಯುತ್ತ ಹೋದಾಗ ಗುರುತಿಲ್ಲದ ಒಂದು ತಾಣ ಕಂಡಿತು. ವಧೂವರರ ತಾಣ. ಖಾತೆ ಇದ್ದದ್ದು ನನ್ನ ಹೆಸರಿನಲ್ಲಿ.

ಎರಡು ತಿಂಗಳ ಹಿಂದೆ ಮಾಮ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲಿ ಕೆಲವು ದಿನ ಇದ್ದರು. ಆಗ ಲ್ಯಾಪ್‌ಟಾಪು ಅವರ ಹತ್ತಿರವೇ ಇರುತ್ತಿತ್ತು. ಮಳೆಯ ಸುದ್ದಿ ನೋಡುತ್ತಾರೆಂದುಕೊಂಡಿದ್ದೆ.

ಪಾಸ್‌ವರ್ಡ್ ಹೇಗೂ ಗೊತ್ತಿತ್ತು, ಒಳಗೆ ಹೋದೆ. ನನ್ನ ಫೋಟೊ ಯಾರದೋ ಮದುವೆಯದು. ಕೈಯಲ್ಲಿ ಆರತಿ ತಟ್ಟೆ, ಪಕ್ಕದಲ್ಲಿ ಕತ್ತರಿಸಿ ಉಳಿದ ಇನ್ಯಾರದೋ ಭುಜ. ವಿದ್ಯೆ ಸರಿಯಾಗಿತ್ತು. ಎತ್ತರ ಒಂದಿಷ್ಟು ಹೆಚ್ಚಾಗಿತ್ತು. ಸ್ವಭಾವ: ಮಿತಭಾಷಿ. ಫೋನಿನ ಜಾಗದಲ್ಲಿ ಎಂದೋ ಕಡಿತವಾದ ನಮ್ಮ ಲ್ಯಾಂಡ್‌ಲೈನಿನ ನಂಬರು. ಹೆಣ್ಣುಮಗಳ ಮೊಬೈಲ್ ನಂಬರು ಕೊಡುವುದು ಮಾಮನಿಗೆ ಸರಿ ಕಂಡಿರಲಿಕ್ಕಿಲ್ಲ.

ಮಿತಭಾಷಿಯಾದರೂ ನಾನು ಬಹಳ ಬರೆದಿದ್ದೆ. ಎಲ್ಲವೂ ಒಬ್ಬನೇ ವರನಿಗೆ. ಕುರುಗೋಡಿನ ಕಡೆಯವನು, ಬಳ್ಳಾರಿಯಲ್ಲೇ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಮೇಲ್ವಿಚಾರಕ. ಅವನ ಫೋಟೊ ಹೊಲದಲ್ಲಿ ತೆಗೆದದ್ದು. ಅವನು ಒಂದು ಬದಿಗೆ ಸ್ವಲ್ಪ ಮಸುಕಾಗಿ ನಿಂತಿದ್ದ. ನಡುವೆ ನಿಚ್ಚಳವಾಗಿ ನಿಂತಿದ್ದದ್ದು ಒಂದು ಟ್ರ್ಯಾಕ್ಟರ್. ಅದರ ನಂಬರು ನನಗೆ ಬಾಯಿಪಾಠ. ನಾನು ದಿನಕ್ಕೆ ಹತ್ತು ಸಲ ಟೈಪ್ ಮಾಡುತ್ತಿದ್ದದ್ದು ಅದನ್ನೇ.

ಮೊದಲ ಸಂದೇಶದಲ್ಲಿ ನಾನು "ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಎಂದಿದ್ದೆ. ಅವನು "ನಾವೂ ಕ್ಷೇಮ" ಎಂದಿದ್ದ. ನನಗೆ ಹಸಿರು ಬಣ್ಣ ಇಷ್ಟವೆಂದೂ, ನಾಟಿ ಮಾಡಿದ ಗದ್ದೆಯಷ್ಟು ಹಸಿರಾದರೆ ಇನ್ನೂ ಇಷ್ಟವೆಂದೂ ಬರೆದಿದ್ದೆ. ತನಗೆ ಮುಂಗಾರು ಇಷ್ಟ ಎಂದು ಅವನು ಬರೆದಿದ್ದ. ನಿಮ್ಮ ಹಿಂದೆ ನಿಂತಿರುವ ಗಾಡಿ ಯಾರದು ಎಂದು ನಾನು ಕೇಳಿದ್ದೆ. ಮನೆಯದೇ ಎಂದು ಉತ್ತರ ಬಂದಿತ್ತು. ಅಲ್ಲಿಂದ ನಮ್ಮಿಬ್ಬರ ಮಾತುಕತೆಗೆ ಜೀವ ಬಂದಿತ್ತು. ಮೂರನೇ ಗೇರಿನಲ್ಲಿ ಸದ್ದು ಬರುತ್ತದೆಯೇ ಎಂದು ಕೇಳಿದ್ದೆ. ಬರುತ್ತದೆ, ನಿಮಗೆ ಹೇಗೆ ತಿಳಿಯಿತು ಎಂದು ಅವನು ಬೆರಗಾಗಿದ್ದ. ಏನು ಮಾಡಬೇಕೆಂದು ನಾನು ಉದ್ದಕ್ಕೆ ವಿವರಿಸಿದ್ದೆ. ನಡುವೆ ಒಮ್ಮೆ ಅವನು, ನನ್ನ ವಿಚಾರ ಏನು, ಇಷ್ಟವಿದೆಯೇ ಎಂದು ಕೇಳಿದ್ದ. ನಾನು ಹೀಗೆ ಬರೆದಿದ್ದೆ: "ನನಗೆ ಪೂರ್ಣ ಒಪ್ಪಿಗೆಯಿದೆ. ಅಮಾವಾಸ್ಯೆ ಕಳೆದ ಮೇಲಿನ ಭಾನುವಾರ ಮನೆಗೆ ಬರುವುದು. ಗಾಡಿ ನೋಡಲು ಬಹಳ ಆಸೆಯಿದೆ. ಹೈಡ್ರಾಲಿಕ್ ಈಗ ಹೇಗಿದೆ?"

ಅಮಾವಾಸ್ಯೆ ಎರಡು ದಿನದಲ್ಲಿತ್ತು.

ಬೇರೆಯವರು ನನ್ನ ಪರವಾಗಿ ಕನ್ನಡಕ ಮಾರಿದ್ದರೆ ಮರೆಯಬಹುದಿತ್ತು. ಇದು ಒಪ್ಪಿಗೆ. ನಾನು ಯಾವ ವಿಷಯಕ್ಕೂ ಬೇಗ ಒಪ್ಪುವವಳಲ್ಲ. ಒಂದು ಸೀರೆಗೆ ಒಪ್ಪಲೂ ನನಗೆ ಎರಡು ಸಲ ಅಂಗಡಿಗೆ ಹೋಗಬೇಕು. ಆ ಪದ ನನ್ನ ಹೆಸರಿನಿಂದ ಹೊರಟು ಕುರುಗೋಡು ಮುಟ್ಟಿತ್ತು. ಅದನ್ನು ಭಾನುವಾರದೊಳಗೆ ವಾಪಸು ತರಬೇಕಿತ್ತು.

ಮೊದಲು ಬಳಗದ ಇ-ಮೇಲ್ ಖಾತೆಯ ಪಾಸ್‌ವರ್ಡ್ ಬದಲಿಸಿದೆ. ಅದರ ಮೂಲಕ ಯಾವ ಖಾತೆಯೊಳಕ್ಕೂ ನುಸುಳಬಹುದಿತ್ತು. ಆಮೇಲೆ ಈ ತಾಣದ್ದು. ಕಪಾಟು ಹುಟ್ಟಿಸಿಕೊಟ್ಟ ಇಪ್ಪತ್ತು ಅಕ್ಷರಗಳಲ್ಲಿ ದೇವರೂ ಇರಲಿಲ್ಲ, ಗಾಡಿಯೂ ಇರಲಿಲ್ಲ. ಅದನ್ನು ಓದಿ ನೋಡಿದೆ, ಯಾವ ಅರ್ಥವೂ ಬರಲಿಲ್ಲ. ಅದಕ್ಕೇ ಹಿಡಿಸಿತು.

ಮಂಗಳವಾರ ಸಂಜೆ ಮಾಮನ ಫೋನು ಬಂತು.

"ಯವ್ವಾ, ಏನ್ಮಾಡಾಕತ್ತಿ?"

"ಪೇಪರ್ ತಿದ್ದಾಕತ್ತೀನಿ ಮಾಮ."

"ಏನಿಲ್ಲ. ಮೇಲ್ ಒಳಗ ಬಿಡವಲ್ದು. ದೇವ್ರು ಹಾಕಿದೆ, ಗಾಡಿ ಹಾಕಿದೆ. ತಪ್ಪು ಅಂತೈತಿ."

"ಬದಲಿಸೀನಿ ಮಾಮ. ಕನ್ನಡಕದ ಕಾಟ ಬ್ಯಾಡಂತ."

"ಚಲೋ ಮಾಡ್ದಿ. ಇನ್ನೊಂದು ಸೈಟು ಇತ್ತು. ಅದೂ ಬಿಡವಲ್ದು."

"ಯಾವುದು ಮಾಮ?"

"ಐತಿ ಬಿಡು ಒಂದು. ರೈತರದು."

ಅಷ್ಟು ಹೇಳಿ ಅವರೇ ಫೋನ್ ಇಟ್ಟರು.

ಮಾಮನ ಬಾಯಿಂದ ಹೇಳಿಸುವುದಕ್ಕಿಂತ ಆ ಕಡೆಯವರಿಗೆ ನೇರವಾಗಿ ಬರೆಯುವುದೇ ಸರಿ ಅನ್ನಿಸಿತು. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕಡೆಗೆ ಉಳಿದದ್ದು ಇಷ್ಟು: "ನಮಸ್ಕಾರ. ಇಲ್ಲಿಯವರೆಗೆ ನನ್ನ ಹೆಸರಿನಲ್ಲಿ ಬರೆದದ್ದು ನಾನಲ್ಲ. ಒಪ್ಪಿಗೆ ಕೊಟ್ಟದ್ದೂ ನಾನಲ್ಲ. ದಯವಿಟ್ಟು ಭಾನುವಾರ ಬರುವ ತೊಂದರೆ ತೆಗೆದುಕೊಳ್ಳಬೇಡಿ." ಆ ಖಾತೆಯಲ್ಲಿ ನಾನು ಬರೆದ ಮೊದಲ ನಿಜವಾದ ಮಾತು ಅದು.

ಮರುದಿನ ಉತ್ತರ ಬಂತು: "ತೊಂದರೆ ಏನೂ ಇಲ್ಲ. ನಿಮ್ಮ ಸಂಕೋಚ ನೋಡಿ ಸಂತೋಷವಾಯಿತು. ಭಾನುವಾರ ಖಂಡಿತ ಬರುತ್ತೇವೆ. ಹೈಡ್ರಾಲಿಕ್ ಸರಿಯಾಗಿದೆ."

ಸುಳ್ಳನ್ನು ಅಷ್ಟು ದಿನ ನಂಬಿದವರು ನಿಜವನ್ನು ಸಂಕೋಚವೆಂದು ತಿಳಿದಿದ್ದರು. ಇನ್ನೊಮ್ಮೆ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಶನಿವಾರ ಮಾಮ ಬಂದರು. ಕೈಯಲ್ಲಿ ಮತ್ತೆ ಅಕ್ಕಿ ಚೀಲ. ಹಿಂದಿನದನ್ನು ಇನ್ನೂ ಬಿಚ್ಚಿರಲಿಲ್ಲ. ನಾನು ಚಹಾ ಕೊಟ್ಟು ಎದುರು ಕುಳಿತು, "ಆ ರೈತರ ಸೈಟು ನೋಡಿದೆ ಮಾಮ," ಎಂದೆ.

ಅವರು ಕಪ್ಪನ್ನು ಕೆಳಗಿಟ್ಟರು. ಅಪ್ಪನಿಗೆ ಏನೂ ಗೊತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಹೇಳಿದೆ. ಅವ್ವ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

"ನಿನಗ ಗೊತ್ತಿತ್ತೇನವ್ವ?" ಎಂದೆ.

"ಫೋಟೊ ಬೇಕು ಅಂದಿದ್ದ, ಕೊಟ್ಟಿದ್ದೆ. ಒಪ್ಪಿಗಿ ಕೊಟ್ಟಿದ್ದು ಗೊತ್ತಿಲ್ಲ."

"ಅಲ್ಲಲೇ, ತಪ್ಪೇನ್ಮಾಡೀನಿ ನಾನು?" ಎಂದರು ಮಾಮ. "ಈಕಿ ಬಾಯಿ ಬಿಡಂಗಿಲ್ಲ. ಯಾರಾರ ಒಬ್ಬರು ಈಕಿ ಪರವಾಗಿ ಮಾತಾಡ್ಬೇಕೋ ಬ್ಯಾಡೋ? ಚಲೋ ಮನಿತನ. ಗಾಡಿ ಹೆಂಗ ಇಟ್ಕೊಂಡಾರ ನೋಡೀಯೇನು? ಬಣ್ಣ ಸುದ್ದಾ ಹೋಗಿಲ್ಲ. ಗಾಡಿನ ಹಂಗ ನೋಡ್ಕೊಂಡವ್ರು ಹುಡುಗೀನ ಹೆಂಗ ನೋಡ್ಕೊಂಡಾರು?"

"ಹುಡುಗ ಹೆಂಗದಾನ್ರಿ?" ಎಂದು ಕೇಳಿದರು ಅಪ್ಪ.

ಮಾಮ ನೆನಪು ಮಾಡಿಕೊಳ್ಳಲು ಯತ್ನಿಸಿದರು. "ಅದಾನ್ರಿ. ಗಾಡಿ ಬಾಜೂಕ ನಿಂತಾನ." ಆಮೇಲೆ ನನ್ನ ಕಡೆ ಕೈ ಚಾಚಿದರು. "ಯವ್ವಾ, ಈಗ ಅದನ್ನ ಹೇಳಿಬಿಡು. ಹೊಸಾ ಪಾಸ್‌ವರ್ಡು. ನಾನ ಶುರು ಮಾಡೀನಿ, ನಾನ ಮುಗಸ್ತೀನಿ. ಅವ್ರಿಗೆ ಏನಾರ ಒಂದು ಬರೀತೀನಿ."

"ಹೇಳಂಗಿಲ್ಲ ಮಾಮ."

"ಮೇಷ್ಟ್ರ, ನೀವಾರ ಹೇಳ್ರಿ."

"ನಿಯಮ ಮಾಡೀವಲ್ರಿ," ಎಂದರು ಅಪ್ಪ, ತಮ್ಮದನ್ನು ಎರಡು ಸಲ ಹೇಳಿದ್ದವರು.

"ನಿಯಮ ಹೊರಗಿನವ್ರಿಗೆ. ನಾ ಹೊರಗಿನವನೇನು? ತಂಗಿ, ನೀ ಹೇಳು."

ಅವ್ವ ಅಣ್ಣನಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಅವಳು ಬಾಗಿಲು ಬಿಟ್ಟು ಬಂದು ಅವರ ಮುಂದೆ ನಿಂತಳು. ನಮ್ಮಲ್ಲಿ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಲ್ಲಿ ಧರಿಸುತ್ತಾರೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಗಂಡ ಹೆಂಡತಿಯೂ ಸಹ.

"ಯಣ್ಣ," ಎಂದಳು, "ನಿನ್ನ ಕೊರಳಾಗಿನ ಕರಡಿಗಿ ಬಿಚ್ಚಿ ಕೊಡು ಅಂದ್ರ ನನ್ನ ಕೈಗೆ ಕೊಡ್ತಿಯೇನು?"

ಮಾಮನ ಕೈ ತಾನಾಗಿ ಎದೆಯ ಮೇಲೆ ಹೋಯಿತು.

"ಅದಕ್ಕೂ ಇದಕ್ಕೂ ಏನ್ ಸಂಬಂಧಲೇ?"

"ನಾ ಹೊರಗಿನಾಕೇನು? ನಿನ್ನ ಜೋಡಿ ಹುಟ್ಟಿದಾಕಿ."

ಮಾಮ ಆರಿದ ಚಹಾ ಎತ್ತಿ ಕುಡಿದರು. ಅಪ್ಪ ಫ್ಯಾನಿನ ವೇಗ ಹೆಚ್ಚಿಸಿದರು. ಮಾಮ ಕಿಟಕಿಯ ಕಡೆ ನೋಡುತ್ತ, "ಆತು. ಪಾಸ್‌ವರ್ಡ್ ಬ್ಯಾಡ. ಒಂದ ಕೇಳ್ತೀನಿ, ಅ‌ಷ್ಟು ಹೇಳು," ಎಂದರು.

"ಏನು ಮಾಮ?"

"ಹೈಡ್ರಾಲಿಕ್ ಬಗ್ಗಿ ಏನಾರ ಬರ್ದಾರೇನು?"

"ಸರಿ ಐತಂತ."

"ಹ್ಞಾಂ," ಎಂದು ಉಸಿರುಬಿಟ್ಟರು.

ಭಾನುವಾರ ಹನ್ನೊಂದರ ಹೊತ್ತಿಗೆ ನಮ್ಮ ಓಣಿಗೆ ಟ್ರ್ಯಾಕ್ಟರ್ ಬಂತು. ಹಿಂದೆ ಟ್ರೇಲರ್ ಇರಲಿಲ್ಲ. ನಡೆಸುತ್ತಿದ್ದವರು ಹೆಗಲಿಗೆ ಬಿಳಿ ಟವೆಲ್ ಹಾಕಿದ, ಹಣೆಯ ತುಂಬ ವಿಭೂತಿ ಹಚ್ಚಿದ ಒಬ್ಬ ಹಿರಿಯರು. ಪಕ್ಕದ ಮಡ್‌ಗಾರ್ಡ್ ಮೇಲೆ, ಇಸ್ತ್ರಿ ಮಾಡಿದ ಅಂಗಿ ಕೊಳೆಯಾಗದಂತೆ ಮೈ ಬಿಗಿಹಿಡಿದು ಫೋಟೊದವನು ಕುಳಿತಿದ್ದ. ಗಾಡಿ ನಮ್ಮ ಗೇಟಿಗೆ ಮುಖಮಾಡಿ ನಿಂತಿತು. ನಮ್ಮ ಹಳೆಯ ಪಾಸ್‌ವರ್ಡಿನ ಒಂದು ಅರ್ಧ ತಲೆಬಾಗಿಲ ಮೇಲೆ, ಇನ್ನೊಂದು ಅರ್ಧ ಅದಕ್ಕೆ ಎದುರಾಗಿ. ಇಷ್ಟು ವರ್ಷಕ್ಕೆ ಎರಡೂ ಒಂದೆಡೆ ಕೂಡಿದ್ದವು, ನಮ್ಮ ಮನೆಯ ಯಾವ ಬೀಗವನ್ನೂ ತೆಗೆಯಲಾರದ ಕಾಲದಲ್ಲಿ.

"ಗಾಡಿ ನೋಡಾಕ ಹುಡುಗಿ ಭಾಳ ಆಸೆಪಟ್ಟಿತ್ತಲ್ರಿ, ಅದಕ್ಕ ಕಾರ್ ಬಿಟ್ಟು ಇದರಾಗ ಬಂದ್ವಿ," ಎಂದರು ಹಿರಿಯರು ಇಳಿಯುತ್ತ. ಹುಡುಗನ ಚಿಕ್ಕಪ್ಪ ಎಂದು ಪರಿಚಯ ಹೇಳಿಕೊಂಡರು.

ಮಾಮನಿಗೆ ಅದು ಕೇಳಿಸಲಿಲ್ಲ. ಅವರು ಚಪ್ಪಲಿ ಬಿಟ್ಟು, ದೇವಸ್ಥಾನದೊಳಕ್ಕೆ ಹೋಗುವವರ ಹಾಗೆ ಗಾಡಿಯ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟರು. ಬಿಸಿಲಿಗೆ ಕಾದಿತ್ತು. ಆದರೂ ಕೈ ತೆಗೆಯಲಿಲ್ಲ.

ಬಂದವರನ್ನು ಹಾಗೆಯೇ ಕಳಿಸುವಂತಿರಲಿಲ್ಲ. ಅವ್ವ ಒಗ್ಗರಣೆ ಮಂಡಕ್ಕಿ ಕಲಸಿ ಮಿರ್ಚಿ ಕರಿದಳು. ತಟ್ಟೆಗಳನ್ನು ನಾನೇ ತಂದಿಟ್ಟು, ಒಳಗೆ ಹೋಗದೆ ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತೆ.

"ನಿಮಗ ಗಾಡಿ ಬಗ್ಗಿ ಇಷ್ಟು ತಿಳೀತೈತಿ ಅಂತ ಅಂದ್ಕೊಂಡಿದ್ದಿಲ್ಲವ್ವ," ಎಂದರು ಚಿಕ್ಕಪ್ಪ ನನಗೆ. "ಮೂರನೇ ಗೇರಿಂದು ನೀವು ಹೇಳ್ದಂಗ ಮಾಡಿದ್ವಿ. ಸದ್ದು ನಿಂತೈತಿ."

"ಅದನ್ನ ಬರೆದದ್ದು ನಾನಲ್ರಿ."

ಅವರು ನಕ್ಕರು. "ಮತ್ತ ಸಂಕೋಚ."

"ನಾನ್ರಿ," ಎಂದರು ಮಾಮ. "ಎಲ್ಲಾ ನಾನ ಬರ್ದಿದ್ದು."

ಚಿಕ್ಕಪ್ಪನ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. "ಹಸುರು ಬಣ್ಣ ಇಷ್ಟ ಅಂತ ಬರ್ದಿದ್ದು?"

"ಅದೂ ನಾನ."

"ನೀವಾ?"

"ಹ್ಞೂಂ."

ಹುಡುಗ ಚಿಕ್ಕಪ್ಪನ ಕಡೆ ತಿರುಗಿದ. ಅವನ ಮುಖದಲ್ಲಿ ನಾನು ಸೋಮವಾರ ಪರದೆಯ ಮುಂದೆ ಹೇಗಿದ್ದೆನೋ ಅದು ಕಂಡಿತು. "ಯಾರು ಯಾರಿಗೆ ಬರ್ದೀರಿ ಚಿಗಪ್ಪ? ಇವ್ರೇ ಫೋನ್ ಮಾಡಿದ್ರು ಅಂದ್ಯಲ್ಲ ನನಗ."

ಚಿಕ್ಕಪ್ಪ ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು. ಮಾಮ ಮುಂದೆ ಬಗ್ಗಿದರು. "ಹಂಗಾರ ಮುಂಗಾರು ಇಷ್ಟ ಅಂತ ಬರ್ದಿದ್ದು ನೀವೇನು?"

"ಬಿತ್ತನಿ ಟೈಮಲ್ರಿ. ಯಾರಿಗೆ ಇಷ್ಟ ಇಲ್ಲ?"

"ಅದೂ ಖರೇ."

ಈಗ ಹೇಳದಿದ್ದರೆ ಇನ್ನೆಂದೂ ಆಗುವುದಿಲ್ಲ ಅನ್ನಿಸಿತು. ಅಷ್ಟು ಜನರ ಮುಂದೆ ನಾನು ಮಾತಾಡುವುದು ತರಗತಿಯಲ್ಲಿ ಮಾತ್ರ. ಅಲ್ಲಿಯ ದನಿಯನ್ನೇ ತಂದುಕೊಂಡೆ. "ಒಂದು ಮಾತು ಹೇಳ್ತೀನ್ರಿ. ಆ ಒಪ್ಪಿಗೆ ನನ್ನದಲ್ಲ. ನಾನು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ಕೊಡೋದಿದ್ರ ನನ್ನ ಬಾಯಿಂದ ಹೇಳ್ತೀನಿ."

"ನಾನೂ ಕೊಟ್ಟಿಲ್ರಿ," ಎಂದ ಹುಡುಗ ತಕ್ಷಣ. "ಗಾಡಿ ಸರ್ವಿಸ್ ಮಾಡಿಸಬೇಕು, ಜೋಡಿ ಬಾ ಅಂದ್ರು. ಕಂಟೋನ್ಮೆಂಟ್ ದಾಟಿದ ಮ್ಯಾಲೆ ಹೇಳಿದ್ರು ಎಲ್ಲಿಗಂತ."

ನಮ್ಮಿಬ್ಬರ ನಡುವೆ ಅಂದು ಆದ ಒಪ್ಪಂದ ಅದೊಂದೇ: ನಾವು ಏನನ್ನೂ ಒಪ್ಪಿಲ್ಲವೆಂಬುದು. ಅಪ್ಪ "ಸರಿ" ಎಂದರು, ಲೆಕ್ಕ ಸರಿಯಾಗಿ ಬಿಡಿಸಿದ ಹುಡುಗನಿಗೆ ಹೇಳುವ ಹಾಗೆ. ಯಾರೂ ಎದ್ದು ಹೋಗಲಿಲ್ಲ, ಮಿರ್ಚಿ ಇನ್ನೂ ಬಿಸಿಯಿತ್ತು.

ಸ್ವಲ್ಪ ಹೊತ್ತಿಗೆ ಇಬ್ಬರು ಹಿರಿಯರೂ ಹೊರಗೆ ಗಾಡಿಯ ಹತ್ತಿರ ಹೋದರು. ಹೈಡ್ರಾಲಿಕ್ ಏಳುವ ಇಳಿಯುವ ಸದ್ದು ಕೇಳತೊಡಗಿತು. ಹುಡುಗ ತನ್ನ ಫೋನನ್ನು ಮೇಜಿನ ಮೇಲಿಟ್ಟು, "ನನ್ನದನ್ನ ಬಂದ್ ಮಾಡೋದು ಹೆಂಗ್ರಿ?" ಎಂದು ಕೇಳಿದ. ಮೊದಲು ಪಾಸ್‌ವರ್ಡ್ ಬದಲಿಸಬೇಕು ಎಂದೆ. ಹಳೆಯದು ಅವನಿಗೆ ಗೊತ್ತಿರಲಿಲ್ಲ. ಕಿಟಕಿಯಿಂದ ಕೂಗಿ ಕೇಳಿದ.

"ಮೊದ್ಲು ಮನೆದೇವ್ರು ಹಾಕು," ಎಂದು ಚಿಕ್ಕಪ್ಪ ಓಣಿಗೆಲ್ಲ ಕೇಳುವಂತೆ ಕೂಗಿದರು. "ಹಿಂದ ಗಾಡಿ ನಂಬರ್ರು."

ಮಾಮ ಅವರ ಬೆನ್ನು ತಟ್ಟಿದ್ದು ಕಿಟಕಿಯಿಂದ ಕಂಡಿತು.

ಹೊಸ ಪಾಸ್‌ವರ್ಡ್ ಬರೆಯುವ ಜಾಗ ತೋರಿಸಿ, ನಾನು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತೆ. ಗೋಡೆಯ ಮೇಲೆ ಹಲ್ಲಿ ಇತ್ತು. ಅವನು "ಆತ್ರಿ" ಎನ್ನುವವರೆಗೂ ಅದನ್ನೇ ನೋಡಿದೆ. ಆಮೇಲೆ ಅವನು ತನ್ನ ಖಾತೆ ಮುಚ್ಚಿದ, ನಾನು ನನ್ನದನ್ನು ಮುಚ್ಚಿದೆ. "ನೀವು ಚಲೋ ಬರೀತಿದ್ರಂತ್ರಿ," ಎಂದ ಹೋಗುವಾಗ. "ನೀವೂ," ಎಂದೆ.

ಮಾಮ ಮತ್ತು ಚಿಕ್ಕಪ್ಪ ಗೇಟಿನಲ್ಲಿ ಒಬ್ಬರ ನಂಬರು ಒಬ್ಬರು ತೆಗೆದುಕೊಂಡರು. ಅಷ್ಟು ದಿನ ಕೇಳಿರಲಿಲ್ಲವಂತೆ. ಹುಡುಗಿಯ ನಂಬರು ಕೇಳುವುದು ಚೆನ್ನಾಗಿರುವುದಿಲ್ಲವೆಂದು ಚಿಕ್ಕಪ್ಪ, ಹುಡುಗಿ ತಾನಾಗಿ ಕೊಡುವುದು ಚೆನ್ನಾಗಿರುವುದಿಲ್ಲವೆಂದು ಮಾಮ. ಈಗ ವಾರಕ್ಕೊಮ್ಮೆಯಾದರೂ ಮಾತಾಡುತ್ತಾರೆ ಎಂದು ಕೇಳಿದ್ದೇನೆ.

ಕಪಾಟಿನಲ್ಲಿ ಒಂದು ಏರ್ಪಾಡು ಇತ್ತು, ನಾನು ಮೊದಲು ಗಮನ ಕೊಟ್ಟಿರಲಿಲ್ಲ. ನನಗೇನಾದರೂ ಆದರೆ ಬಾಗಿಲು ತೆಗೆಯಬಹುದಾದ ಒಬ್ಬರ ಹೆಸರನ್ನು ಮೊದಲೇ ಹೇಳಿಡಬಹುದು. ಅವರು ಕೇಳಿದರೆ ನನಗೆ ಸುದ್ದಿ ಬರುತ್ತದೆ. ನಾನು ಬೇಡವೆನ್ನದೆ, ಗೊತ್ತುಮಾಡಿದಷ್ಟು ದಿನ ಕಳೆದರೆ ಮಾತ್ರ ಬಾಗಿಲು ತೆಗೆಯುತ್ತದೆ. ಅವ್ವ ಕೇಳಿದ್ದ ದಾರಿ ಅದು. ಇದನ್ನು ಕಟ್ಟಿದವರನ್ನು ನಂಬಲು ನಾನು ಅಷ್ಟೆಲ್ಲ ಓದಿದ್ದೆ. ಮನೆಯವರಲ್ಲಿ ಒಬ್ಬರನ್ನು ಆರಿಸುವುದಕ್ಕೆ ಓದಲು ಏನೂ ಇರಲಿಲ್ಲ. ಕೇಳದೆ ನನ್ನ ಫೋಟೊ ಕೊಟ್ಟವಳು ಅವ್ವ. ಅಣ್ಣನ ಮುಂದೆ ಬಂದು ನಿಂತವಳೂ ಅವಳೇ. ಒಂದು ವಾರ ಸುಮ್ಮನಿದ್ದು, ಅವಳ ಹೆಸರನ್ನೇ ಬರೆದೆ.

ಒಪ್ಪಿಕೊಳ್ಳಲು ಅವಳು ತನ್ನ ಕಪಾಟನ್ನು ತೆರೆಯಬೇಕಿತ್ತು. ಫೋನು ಹಿಡಿದು ಬಚ್ಚಲ ಹತ್ತಿರದ ಕಟ್ಟೆಯ ಮೇಲೆ ಕುಳಿತಳು. ನಾನು ತೊಳೆದ ಬಟ್ಟೆ ಹಿಂಡುತ್ತ ಆ ಕಡೆ ತಿರುಗಿದೆ. ಗುರೆಳ್ಳು ಎಂಬ ಶಬ್ದಕ್ಕೆ ಕಾದೆ. ಬರಲಿಲ್ಲ. ಬೆರಳು ಗಾಜಿಗೆ ತಾಗುವ ಸದ್ದು ಮಾತ್ರ, ನಿಧಾನವಾಗಿ, ಒಂದರ ಹಿಂದೆ ಒಂದು. ಬೆಳ್ಳುಳ್ಳಿ ಬರಲಿಲ್ಲ, ಕರಿಬೇವೂ ಬರಲಿಲ್ಲ.

"ಏನ್ರಿ," ಎಂದರು ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, "ಇವತ್ತು ಚಟ್ನಿಪುಡಿ ಮಾಡವಲ್ರೇನು?"

"ಮಾಡೀವ್ರಿ," ಎಂದಳು ಅವ್ವ, ಫೋನಿನಿಂದ ತಲೆಯೆತ್ತದೆ.